ಮಸುಕಾಗಿ ಕಂಡದ್ದಕ್ಕೆ ಬಾಕ್ಸ್ ಹಾಕಬೇಕಾ, ಬಿಡಬೇಕಾ? (ಹೊಲದ ಕ್ಯಾಮೆರಾ, ಕಾಡುಹಂದಿ)

ಬದುವಿನ ಕ್ಯಾಮೆರಾ (ಜಗಳೂರು) · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ತಲೆ ಕೆಟ್ಟು ಕೇಳುತ್ತಿದ್ದೇನೆ.

ನಮ್ಮದು ಜಗಳೂರು ತಾಲ್ಲೂಕು. ಮೆಕ್ಕೆಜೋಳ, ಜೊತೆಗೆ ಒಂದೆಕರೆ ಶೇಂಗಾ. ಹೊಲದ ಬದು ದಾಟಿದರೆ ಕುರುಚಲು ಕಾಡು. ತೆನೆಯಲ್ಲಿ ಹಾಲು ತುಂಬಿತೋ ಇಲ್ಲವೋ, ಹಂದಿಗಳು ಹಾಜರ್. ಅಪ್ಪ ಅಟ್ಟಣಿಗೆ ಮೇಲೆ ಮಲಗಿ ತಗಡು ಬಡಿದು ಬಡಿದು ಸೋತಿದ್ದಾರೆ. ಬದುವಿನುದ್ದಕ್ಕೂ ಅಮ್ಮನ ಹಳೇ ಸೀರೆ ಕಟ್ಟಿದ್ದೂ ಆಯಿತು. ಮೊದಲ ವಾರ ಹೆದರಿದವು, ಆಮೇಲೆ ಸೀರೆ ಕೆಳಗೇ ನುಸುಳಿ ಬಂದವು.

ಅದಕ್ಕೆ ನಾಲ್ಕು ಕ್ಯಾಮೆರಾ ಹಾಕಿದ್ದೇನೆ. ಹಂದಿ ಕಂಡರೆ ಲೈಟು ಹತ್ತಬೇಕು, ಸೈರನ್ ಕೂಗಬೇಕು. ಕರಡಿ ಕಂಡರೆ ಫೋನಿಗೂ ಮೆಸೇಜ್ ಬರಬೇಕು. ಯಾಕೆಂದರೆ ಕರೆಂಟು ಬಂದಾಗ ನಡುರಾತ್ರಿ ಮೋಟರ್ ಹಾಕೋಕೆ ಹೋಗುವವರು ನಾವೇ. ಹಗಲು ನನಗೆ ದಾವಣಗೆರೆಯಲ್ಲಿ ಬೇರೆ ಕೆಲಸ. ರಾತ್ರಿ ಊಟ ಆದ ಮೇಲೆ ನಾನು, ತಂಗಿ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತು, ಚಿತ್ರದಲ್ಲಿ ಕಂಡ ಪ್ರಾಣಿಯ ಸುತ್ತ ಬಾಕ್ಸ್ ಎಳೆದು ಹೆಸರು ಕೊಡುತ್ತೇವೆ. ಅದನ್ನು ನೋಡಿ ಕಂಪ್ಯೂಟರಿನ ಮಾಡೆಲ್ (ಗುರುತಿಸುವ ಪ್ರೋಗ್ರಾಂ) ಕಲಿಯುತ್ತದೆ, ಅದೇ ಟ್ರೇನಿಂಗ್. ಹಂದಿ, ಕರಡಿ, ಮನುಷ್ಯ, ದನ, ನಾಯಿ, ಹೀಗೆ ಐದು ಕ್ಲಾಸು, ಅಂದರೆ ಐದು ಹೆಸರು.

ತೊಂದರೆ ಇರುವುದು ಮಸುಕು ಚಿತ್ರಗಳಲ್ಲಿ. ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಲೆಕ್ಕದಲ್ಲಿ ಅದು 1147ನೇ ಚಿತ್ರ. ರಾತ್ರಿ 2 ಗಂಟೆ. ಮೂರನೇ ಸಾಲಿನ ಜೋಳದ ದಂಟಿನ ಹಿಂದೆ ಬೂದು ಬಣ್ಣದ ಉಂಡೆಯಂಥದ್ದು ಏನೋ ಇದೆ. ಕಣ್ಣು ಹೊಳೆಯುತ್ತಿಲ್ಲ, ಕಾಲು ಕಾಣುತ್ತಿಲ್ಲ. ತಂಗಿ ಕಲ್ಲು ಅಂದಳು. ನಾನು ಗೊಬ್ಬರದ ಚೀಲ ಅಂದೆ. ಅಪ್ಪ ಹಿಂದಿನಿಂದ ಬಂದು ಕನ್ನಡಕ ಏರಿಸಿ ನೋಡಿ, ‘ಹಂದೀನೇ. ದಂಟು ನೋಡು, ಎರಡೇ ಎರಡು ಒಳಕ್ಕೆ ಬಾಗಿವೆ. ಗಾಳಿ ಬೀಸಿದ್ರೆ ಸಾಲಿಗೆ ಸಾಲೇ ಬಾಗಬೇಕಿತ್ತಲ್ಲ?’ ಅಂದರು. ಇಂಥವು ನೂರಾರು ಇವೆ.

ಇನ್ನೊಂದು ವಿಚಿತ್ರ. ಮೊದಲ ಸಲ ಅವಸರದಲ್ಲಿ ಸ್ಪಷ್ಟವಾಗಿ ಕಂಡವಕ್ಕಷ್ಟೇ ಬಾಕ್ಸ್ ಹಾಕಿ ಟ್ರೇನ್ ಮಾಡಿದ್ದೆ. ಮಸುಕಾದ ಚಿತ್ರಗಳನ್ನು ಸೇರಿಸಿಯೇ ಇರಲಿಲ್ಲ. ಪರವಾಗಿಲ್ಲ ಅನ್ನುವ ಹಾಗಿತ್ತು. ಎರಡನೇ ಸಲ ಒಂದು ತಿಂಗಳು ಕೂತು, ಮಸುಕಾದದ್ದನ್ನೂ ಬಿಡದೆ ಬಾಕ್ಸ್ ಹಾಕಿ, ‘ಡಿಫಿಕಲ್ಟ್’ ಅಂತ ಟಿಕ್ ಮಾಡಿದೆವು. ಈಗ ರಾತ್ರಿ ಹಂದಿ ಹಿಡಿಯುವುದು ಮೊದಲಿಗಿಂತ ಕಡಿಮೆ ಆಗಿದೆ! ನಾವು ಕಷ್ಟಪಟ್ಟಷ್ಟೂ ಅದು ದಡ್ಡ ಆಗುತ್ತಿದೆ. ಯಾಕೆ?

ದೋಸೆ ಕಾವಲಿ (ದಾವಣಗೆರೆ) · ಭಾನುವಾರ, ರಾತ್ರಿ 10:05

ಸಿಂಪಲ್ ಗುರು. ಡೌಟ್ ಇದ್ದರೆ ಬಿಟ್ಟುಬಿಡು. ನಿನಗೇ ಗೊತ್ತಾಗದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ನಾನು ಅಂಗಡಿ ಕ್ಯಾಮೆರಾಗೆ ಹಾಗೇ ಮಾಡಿದ್ದು. ನೆಟ್ಟಗೆ ಕಂಡವಕ್ಕೆ ಮಾತ್ರ ಬಾಕ್ಸ್.

ಕಲ್ಲಿನ ಕೋಟೆ (ಚಿತ್ರದುರ್ಗ) · ಭಾನುವಾರ, ರಾತ್ರಿ 10:50

ದೋಸೆ ಅಣ್ಣಾ, ಕೋಪ ಮಾಡ್ಕೋಬೇಡಿ, ಅದು ಅರ್ಧ ಸರಿ. ಎಲ್ಲರೂ ಎಡವುವುದು ಅಲ್ಲೇ.

ನಾನು ಮನೆಯಲ್ಲೇ ಕೂತು ರಸ್ತೆ ಚಿತ್ರಗಳಿಗೆ ಬಾಕ್ಸ್ ಹಾಕುವ ಕೆಲಸ ಮೂರು ವರ್ಷ ಮಾಡಿದ್ದೇನೆ. ಮೊದಲ ದಿನ ನನಗೂ ಇದೇ ಗೊಂದಲ. ತಿಳಿದುಕೊಳ್ಳಬೇಕಾದದ್ದು ಇಷ್ಟು: ನಾವು ಬಾಕ್ಸ್ ಹಾಕದೆ ಬಿಟ್ಟ ಜಾಗ ಮಾಡೆಲ್ ಪಾಲಿಗೆ ಖಾಲಿ ಜಾಗ ಅಲ್ಲ. ‘ಇಲ್ಲಿ ಏನೂ ಇಲ್ಲ, ಚೆನ್ನಾಗಿ ನೋಡಿಕೋ’ ಅಂತ ನಾವೇ ಅದಕ್ಕೆ ಕಲಿಸಿದ ಪಾಠ ಅದು. ಬಾಕ್ಸ್ ಒಳಗಿನದ್ದು ಹಂದಿ, ಹೊರಗಿನದ್ದೆಲ್ಲ ಹಂದಿ ಅಲ್ಲ. ಮಧ್ಯೆ ಸುಮ್ಮನಿರುವ ಆಯ್ಕೆ ಅದಕ್ಕಿಲ್ಲ. ಮಸುಕಾದ ಹಂದಿಯನ್ನು ಬಿಟ್ಟರೆ, ಮಸುಕಾದ ಹಂದಿ ಹಂದಿಯಲ್ಲ ಅಂತ ಕಲಿಯುತ್ತದೆ. ಮೇಷ್ಟ್ರು ತಪ್ಪು ಉತ್ತರ ಹೇಳಿಕೊಟ್ಟು ಪರೀಕ್ಷೆಯಲ್ಲಿ ಸರಿ ಉತ್ತರ ಕೇಳಿದ ಹಾಗೆ.

ಅದಕ್ಕೇ ದೊಡ್ಡ ದೊಡ್ಡ ಡೇಟಾಸೆಟ್ (ಲೇಬಲ್ ಹಾಕಿದ ಚಿತ್ರಗಳ ಸಂಗ್ರಹ) ಮಾಡಿದ ಹಲವರು ‘ಗೊತ್ತಿಲ್ಲ’ ಅನ್ನುವುದಕ್ಕೂ ಒಂದು ಜಾಗ ಇಟ್ಟಿದ್ದಾರೆ. 2009ರಲ್ಲಿ ಬಂದ ಕ್ಯಾಲ್‌ಟೆಕ್ ಪಾದಚಾರಿ ಡೇಟಾಸೆಟ್ ನೋಡಿ. ಅದರಲ್ಲಿ ‘ಪರ್ಸನ್’ ಅಂತ ಒಂದು ಲೇಬಲ್, ಗುಂಪಿಗೆ ‘ಪೀಪಲ್’, ಮೂರನೆಯದು ‘ಪರ್ಸನ್?’. ಹೌದು, ಪ್ರಶ್ನಾರ್ಥಕ ಚಿಹ್ನೆ ಸಮೇತ. ನನಗಂತೂ ಅದು ಬಹಳ ಇಷ್ಟವಾದ ಲೇಬಲ್. 2012ರ ಕಿಟ್ಟಿ ಡೇಟಾಸೆಟ್‌ನಲ್ಲಿ ‘ಡೋಂಟ್ ಕೇರ್’ ಅಂತ ಜಾಗ ಗುರುತು ಮಾಡುತ್ತಾರೆ. ಅಲ್ಲಿ ಮಾಡೆಲ್ ಏನು ಹೇಳಿದರೂ ಮಾರ್ಕ್ಸ್ ಕೊಡುವುದೂ ಇಲ್ಲ, ಕಳೆಯುವುದೂ ಇಲ್ಲ. ನೀವು ಟಿಕ್ ಮಾಡಿದ ‘ಡಿಫಿಕಲ್ಟ್’ ಬಂದದ್ದು ಪ್ಯಾಸ್ಕಲ್ ವಿಒಸಿ ಅನ್ನುವ ಸ್ಪರ್ಧೆಯಿಂದ. ಅಲ್ಲೂ ಅದಕ್ಕೆ ಲೆಕ್ಕದಿಂದ ವಿನಾಯಿತಿ.

ಈಗ ಒಂದು ಪ್ರಶ್ನೆ. ಟ್ರೇನ್ ಮಾಡಿದ್ದು ಯೋಲೊ (ಚಿತ್ರದಲ್ಲಿ ಏನು ಎಲ್ಲಿದೆ ಅಂತ ಹುಡುಕುವ ಮಾಡೆಲ್) ತಾನೇ? ಬಾಕ್ಸ್‌ಗಳ ವಿವರ ಇರುವ ಲೇಬಲ್ ಫೈಲನ್ನು ಯೋಲೊಗೆ ಹೇಗೆ ಬದಲಾಯಿಸಿದಿರಿ?

ಮಂಡಕ್ಕಿ ಮಿರ್ಚಿ (ದಾವಣಗೆರೆ) · ಭಾನುವಾರ, ರಾತ್ರಿ 11:15

ಕೋಟೆ ಸರ್ ಕೇಳಿದ ಪ್ರಶ್ನೆ ವಾಸನೆ ಹೊಡೀತಿದೆ. ಪಾಪ್‌ಕಾರ್ನ್ ಬದಲು ಮಂಡಕ್ಕಿ ಹಿಡಿದು ಕೂತಿದ್ದೇನೆ.

ಬದುವಿನ ಕ್ಯಾಮೆರಾ (ಜಗಳೂರು) · ಸೋಮವಾರ, ಬೆಳಿಗ್ಗೆ 6:20

ಹೌದು ಅಣ್ಣ, ಯೋಲೊ. ಮೊದಲ ಸಲ ಬಾಕ್ಸ್ ಎಳೆಯುವ ಲೇಬಲ್‌ಇಮ್‌ಜಿ ಸಾಫ್ಟ್‌ವೇರ್‌ನಲ್ಲಿ ನೇರವಾಗಿ ಯೋಲೊ ಫೈಲ್ ಆಗಿ ಉಳಿಸಿದ್ದೆ. ಆದರೆ ಡಿಫಿಕಲ್ಟ್ ಟಿಕ್ ಯೋಲೊ ಫೈಲಿನಲ್ಲಿ ಉಳಿಯುವುದಿಲ್ಲ ಅಂತ ಯಾರೋ ಹೇಳಿದರು. ಅದಕ್ಕೆ ಎರಡನೇ ಸಲ ಎಕ್ಸ್‌ಎಂಎಲ್ ಅನ್ನುವ ಬೇರೆ ಥರದ ಫೈಲ್ ಆಗಿ ಉಳಿಸಿ, ನೆಟ್‌ನಲ್ಲಿ ಸಿಕ್ಕ ಒಂದು ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಓಡಿಸಿ ಬದಲಾಯಿಸಿದೆ. ಸ್ಕ್ರಿಪ್ಟ್ ಹಾಕಲಾ?

ಕಲ್ಲಿನ ಕೋಟೆ (ಚಿತ್ರದುರ್ಗ) · ಸೋಮವಾರ, ಬೆಳಿಗ್ಗೆ 7:05

ಹಾಕುವುದೇ ಬೇಡ. ಅದನ್ನು ತೆಗೆದು ‘ಡಿಫಿಕಲ್ಟ್’ ಅಂತ ಹುಡುಕಿ. ಅದರ ಮುಂದೆ 1ಕ್ಕೆ ಸಮ ಅಂತ ಇದ್ದು, ಕೆಳಗಿನ ಸಾಲಿನಲ್ಲಿ ‘ಕಂಟಿನ್ಯೂ’ ಅಂತ ಇದೆಯಾ?

ಬದುವಿನ ಕ್ಯಾಮೆರಾ (ಜಗಳೂರು) · ಸೋಮವಾರ, ಬೆಳಿಗ್ಗೆ 7:12

ಇದೆ.

ಅಯ್ಯೋ.

ಕಲ್ಲಿನ ಕೋಟೆ (ಚಿತ್ರದುರ್ಗ) · ಸೋಮವಾರ, ಬೆಳಿಗ್ಗೆ 7:30

ಅದೇ. ‘ಈ ಬಾಕ್ಸ್ ಕಷ್ಟದ್ದು ಅಂತ ಗುರುತಾಗಿದ್ದರೆ ಇದನ್ನು ಬಿಟ್ಟು ಮುಂದಿನದಕ್ಕೆ ಹೋಗು’ ಅನ್ನುತ್ತದೆ ಆ ಸಾಲು. ಯೋಲೊ ಬಂದ ಹೊಸತರಿಂದ ಕೈಯಿಂದ ಕೈಗೆ ದಾಟುತ್ತಿರುವ ಸ್ಕ್ರಿಪ್ಟು ಅದು. ಬರೆದವರ ಉದ್ದೇಶ ಕೆಟ್ಟದ್ದಲ್ಲ, ಕಷ್ಟದ್ದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ ಅಂತ. ಆದರೆ ಬಾಕ್ಸ್ ಮಾತ್ರ ಹೋಗುತ್ತದೆ, ಚಿತ್ರ ಉಳಿಯುತ್ತದೆ. ಬಾಕ್ಸ್ ಹೋದ ಜಾಗ ‘ಏನೂ ಇಲ್ಲ’ ಆಗುತ್ತದೆ. ಮೊದಲ ಸಲ ಆ ಚಿತ್ರಗಳೇ ಇರಲಿಲ್ಲ, ಬಚಾವಾದಿರಿ. ಈ ಸಲ ನಿಮ್ಮಪ್ಪ ಹಂದಿ ಅಂತ ತೋರಿಸಿದ್ದಷ್ಟೂ ಹಂದಿ ಅಲ್ಲ ಅಂತ ಮಾಡೆಲ್‌ಗೆ ಹೋಗಿದೆ.

ಯೋಲೊ ಫೈಲಿನಲ್ಲಿ ಒಂದು ಬಾಕ್ಸಿಗೆ ಐದೇ ಅಂಕಿ ಇರುವುದು. ಕ್ಲಾಸಿನ ನಂಬರು, ನಡುಬಿಂದು ಎಲ್ಲಿ ಅನ್ನುವುದಕ್ಕೆ ಎರಡು, ಅಗಲ, ಎತ್ತರ. ಅನುಮಾನ ಬರೆದಿಡೋಕೆ ಆರನೇ ಜಾಗವೇ ಇಲ್ಲ. ಒಂದೋ ಪೂರ್ತಿ ಹಂದಿ, ಇಲ್ಲ ಪೂರ್ತಿ ಮಣ್ಣು.

ದೋಸೆ ಕಾವಲಿ (ದಾವಣಗೆರೆ) · ಸೋಮವಾರ, ಬೆಳಿಗ್ಗೆ 8:40

ಹಾಗಾದರೆ ನನ್ನ ಅಂಗಡಿದೂ ಇದೇ ಕಥೆ! ಶಟರ್ ಹತ್ತಿರ ಅರ್ಧ ಮರೆಯಾಗಿ ನಿಂತವರಿಗೆ ಬಾಕ್ಸ್ ಹಾಕಿರಲಿಲ್ಲ. ಈಗ ಅರ್ಧ ಮರೆಯಾಗಿ ನಿಂತರೆ ಅದು ಯಾರನ್ನೂ ಹಿಡಿಯುವುದಿಲ್ಲ. ಕಳ್ಳ ಪೂರ್ತಿ ಮೈ ತೋರಿಸಿಕೊಂಡು ಬರಬೇಕು.

ಹೋಗಲಿ, ಈಗ ಪರಿಹಾರ ಹೇಳಿ. ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ. ಏನು ಮಾಡೋದು?

ಕಲ್ಲಿನ ಕೋಟೆ (ಚಿತ್ರದುರ್ಗ) · ಸೋಮವಾರ, ಮಧ್ಯಾಹ್ನ 1:30

ಊಟದ ಬಿಡುವು, ಸ್ವಲ್ಪ ಉದ್ದ ಬರೆಯುತ್ತೇನೆ.

‘ಮಸುಕು’ ಅಂತ ಒಂದೇ ಮಾತಿನಲ್ಲಿ ಹೇಳುತ್ತೇವೆ, ಆದರೆ ಒಳಗೆ ಬೇರೆ ಬೇರೆ ಇವೆ. ಹಂದಿ ಅಂತ ಖಾತ್ರಿ ಇದೆ, ಓಡುತ್ತಿದ್ದುದರಿಂದ ಎಳೆದ ಹಾಗೆ ಬಂದಿದೆ. ಇದಕ್ಕೆ ಧೈರ್ಯವಾಗಿ ಹಂದಿ ಅಂತಲೇ ಬಾಕ್ಸ್ ಹಾಕಿ, ಡಿಫಿಕಲ್ಟ್ ಗಿಫಿಕಲ್ಟ್ ಏನೂ ಬೇಡ. ರಾತ್ರಿ ಬರುವ ಹಂದಿ ಫೋಟೋ ಸ್ಟುಡಿಯೋದಲ್ಲಿ ಕೂತ ಹಾಗೆ ಬರುವುದಿಲ್ಲ. ಅದು ಹೇಗೆ ಬರುತ್ತದೋ ಹಾಗೇ ಕಲಿಸಬೇಕು. ಅರ್ಧ ದಂಟಿನ ಹಿಂದೆ ಇದ್ದರೂ ಅಷ್ಟೇ. ಬಾಕ್ಸನ್ನು ಕಾಣುವ ಭಾಗಕ್ಕಷ್ಟೇ ಹಾಕುತ್ತೀರೋ, ಮರೆಯಾದ ಹಿಂಭಾಗವನ್ನೂ ಊಹಿಸಿ ಹಾಕುತ್ತೀರೋ, ಯಾವುದಾದರೂ ಒಂದನ್ನು ಹಿಡಿಯಿರಿ. ನೀವು ಒಂದು ಥರ, ತಂಗಿ ಒಂದು ಥರ ಹಾಕಬಾರದು. ಕ್ಯಾಲ್‌ಟೆಕ್‌ನವರು ಎರಡೂ ಬಾಕ್ಸ್ ಹಾಕಿದ್ದರು, ನಮಗೆ ಅಷ್ಟು ಪುರುಸೊತ್ತಿಲ್ಲ. ಕಾಣುವ ಭಾಗಕ್ಕೆ ಹಾಕುವುದು ಸುಲಭ, ಜಗಳ ಕಡಿಮೆ.

ಇನ್ನೊಂದು, ಏನೋ ಒಂದು ಪ್ರಾಣಿ ಇರುವುದು ಖಾತ್ರಿ, ಹಂದಿಯೋ ನಾಯಿಯೋ ಗೊತ್ತಿಲ್ಲ. ಮತ್ತೊಂದು, ಪ್ರಾಣಿ ಇದೆಯೋ ಇಲ್ಲವೋ ಅದೇ ಗೊತ್ತಿಲ್ಲ. ನಿಮ್ಮ 1147 ಈ ಕೊನೇ ಜಾತಿ.

ಆ ಕೊನೆಯದಕ್ಕೆ ನಾನು ಮಾಡುವುದು ಇಷ್ಟೇ: ಆ ಜಾಗವನ್ನು ಚಿತ್ರದಲ್ಲೇ ಅಳಿಸಿಬಿಡುತ್ತೇನೆ. ಬೂದು ಬಣ್ಣ ಬಳಿಯುತ್ತೇನೆ. ಇಲ್ಲದ್ದರ ಬಗ್ಗೆ ಅದು ತಪ್ಪು ಕಲಿಯೋಕೂ ಆಗುವುದಿಲ್ಲ. ಕೆಲವು ಟ್ರೇನಿಂಗ್ ಕೋಡ್‌ಗಳಲ್ಲಿ ‘ಈ ಜಾಗ ಲೆಕ್ಕಕ್ಕಿಲ್ಲ’ ಅಂತ ಹೇಳುವ ವ್ಯವಸ್ಥೆ ಇದೆ, ಅದು ಬರುತ್ತಿದ್ದರೆ ಇನ್ನೂ ಒಳ್ಳೆಯದು. ಬರದಿದ್ದರೆ ಬೂದು ಬಣ್ಣವೇ ಗತಿ.

ಮಂಡಕ್ಕಿ ಮಿರ್ಚಿ (ದಾವಣಗೆರೆ) · ಸೋಮವಾರ, ಮಧ್ಯಾಹ್ನ 2:10

ಸರ್, ಒಂದು ಅನುಮಾನ. ಬೂದು ಚೌಕಗಳನ್ನೇ ನೋಡಿ ನೋಡಿ ಮಾಡೆಲ್ ಅದನ್ನೇ ಕಲಿತುಬಿಟ್ಟರೆ? ಕ್ಲಾಸಿನಲ್ಲಿ ನಮಗೆ ಇಂಥ ಕಥೆಗಳನ್ನು ಹೇಳಿ ಹೆದರಿಸಿದ್ದಾರೆ.

ಕಲ್ಲಿನ ಕೋಟೆ (ಚಿತ್ರದುರ್ಗ) · ಸೋಮವಾರ, ಮಧ್ಯಾಹ್ನ 2:25

ಒಳ್ಳೆ ಪ್ರಶ್ನೆ ತಮ್ಮ. ಕಲಿತರೆ ಏನಂತ ಕಲಿಯುತ್ತದೆ? ಬೂದು ಚೌಕ ಇದ್ದಲ್ಲಿ ಏನೂ ಇಲ್ಲ ಅಂತ. ಹೊಲದಲ್ಲಿ ರಾತ್ರಿ ಬೂದು ಚೌಕ ಓಡಾಡುವುದಿಲ್ಲವಲ್ಲ, ನಷ್ಟ ಇಲ್ಲ. ಜೊತೆಗೆ ಈಗಿನ ಯೋಲೊ, ಚಿತ್ರದ ಅಳತೆ ಹೊಂದಿಸೋಕೆ ಅಂಚಿಗೆ ತಾನೇ ಬೂದು ಪಟ್ಟಿ ತುಂಬುತ್ತದೆ. 114 ಅನ್ನುವ ಬಣ್ಣ (ಕಪ್ಪು 0, ಬಿಳಿ 255 ಅನ್ನುವ ಅಳತೆಯಲ್ಲಿ). ಅದೇ ಬಣ್ಣ ಬಳಿದರೆ ಅದಕ್ಕೆ ಪರಿಚಯದ್ದೇ. ಬಳಿಯುವಾಗ ಪಕ್ಕದಲ್ಲಿರುವ ಖಾತ್ರಿ ಹಂದಿಯ ಮೂತಿಯನ್ನೂ ಅಳಿಸಬೇಡಿ, ಅಷ್ಟೇ.

ಆದರೆ ಸಿಕ್ಕಾಪಟ್ಟೆ ಬಳಿಯಬಾರದು. ಸೋಮಾರಿತನಕ್ಕೆ ಬೂದು ಬಣ್ಣ ಒಳ್ಳೆ ನೆಪ. ನಾನೂ ಸಂಜೆ ಹೊತ್ತಿಗೆ ಕಣ್ಣು ಉರಿಯುವಾಗ ಹಾಗೆ ಮಾಡಿದ್ದಿದೆ.

ಚಳ್ಳಕೆರೆ ಕಂಬಳಿ (ಚಳ್ಳಕೆರೆ) · ಸೋಮವಾರ, ರಾತ್ರಿ 8:00

ನಾನು ಟೆಕ್ನಿಕಲ್ ಮನುಷ್ಯ ಅಲ್ಲ, ಆದರೆ ಒಂದು ವಿಷಯ ಹೇಳಲೇಬೇಕು. ನಮ್ಮದು ಕುರಿ ಸಾಕುವ ಮನೆ. ಹಿಂಗಾರು ಮುಗಿದ ಮೇಲೆ ನಮ್ಮವರು ಮಂದೆ ಹೊಡೆದುಕೊಂಡು ಊರೂರು ತಿರುಗಿ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ರಾತ್ರಿ ಮಂದೆ ಪಕ್ಕ ಕರೀ ಕಂಬಳಿ ಗೊಪ್ಪೆ ಹಾಕಿಕೊಂಡು ಕೂತಿರುತ್ತಾರೆ. ಕೈಕಾಲು ಏನೂ ಕಾಣುವುದಿಲ್ಲ, ಒಂದು ಗುಡ್ಡೆ ಅಷ್ಟೇ.

ಹೋದ ವರ್ಷ ಒಂದು ತೋಟದವರು ಇಂಥದ್ದೇ ಕ್ಯಾಮೆರಾ ಹಾಕಿಸಿದ್ದರು. ನಮ್ಮ ಚಿಕ್ಕಪ್ಪ ಬೇಲಿ ಪಕ್ಕ ಕೂತಿದ್ದಾರೆ. ಅದು ಕರಡಿ ಅಂತ ಕೂಗಿಕೊಂಡಿತು. ನಾಲ್ಕು ಜನ ದೊಣ್ಣೆ ಹಿಡಿದು ಬಂದರು. ಚಿಕ್ಕಪ್ಪ ಬೀಡಿ ಹಚ್ಚಿದ್ದರಿಂದ ಬಚಾವ್. ಕರಡಿ ಬೀಡಿ ಸೇದಲ್ವಲ್ಲ.

ಈಗ ನಗು ಬರುತ್ತದೆ. ಅವತ್ತು ಬಂದಿರಲಿಲ್ಲ. ನೀವು ‘ಏನೋ ಗುಡ್ಡೆ’ ಅಂತ ಬೂದು ಬಳಿಯುವ ಮುಂಚೆ ಅದು ಮನುಷ್ಯ ಇರಬಹುದಾ ಅಂತ ಒಂದು ಸಲ ನೋಡಿ.

ಬದುವಿನ ಕ್ಯಾಮೆರಾ (ಜಗಳೂರು) · ಸೋಮವಾರ, ರಾತ್ರಿ 9:15

ಅಣ್ಣ, ಇದು ತಲೆಗೇ ಬಂದಿರಲಿಲ್ಲ. ನಮ್ಮ ಚಿತ್ರಗಳಲ್ಲಿ ಕಂಬಳಿ ಹೊದ್ದವರು ಒಬ್ಬರೂ ಇಲ್ಲ. ಅಪ್ಪನಿಗೇ ಕಂಬಳಿ ಹೊದಿಸಿ ನಾಲ್ಕೂ ಕ್ಯಾಮೆರಾ ಮುಂದೆ ಕೂರಿಸಿ ಫೋಟೋ ತೆಗೆಯಬೇಕು.

ಕಲ್ಲಿನ ಕೋಟೆ (ಚಿತ್ರದುರ್ಗ) · ಸೋಮವಾರ, ರಾತ್ರಿ 9:40

ಕೂರಿಸಿ, ಖಂಡಿತ. ನಿಂತು, ಕುಕ್ಕರಗಾಲಲ್ಲಿ, ಮಲಗಿ, ಎಲ್ಲಾ ಭಂಗಿ ಬೇಕು. ಬೇರೆ ಬೇರೆ ಬಟ್ಟೆಯಲ್ಲೂ ತೆಗೆಯಿರಿ. ರಾತ್ರಿ ಕ್ಯಾಮೆರಾ ಬಳಸುವ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕಿನಲ್ಲಿ ಬಣ್ಣ ನಂಬುವ ಹಾಗಿಲ್ಲ. ಹಗಲು ಕಪ್ಪಗೆ ಕಾಣುವ ಕೆಲವು ಬಟ್ಟೆ ರಾತ್ರಿ ಕ್ಯಾಮೆರಾದಲ್ಲಿ ಬೆಳ್ಳಗೆ ಬರುತ್ತದೆ. ‘ಹಂದಿ ಕಪ್ಪು, ಇದು ಬಿಳಿ, ಹಾಗಾಗಿ ಹಂದಿ ಅಲ್ಲ’ ಅನ್ನುವ ತರ್ಕ ರಾತ್ರಿ ನಡೆಯುವುದಿಲ್ಲ.

ನಮ್ಮ ದುರ್ಗದ ಕಡೆ ಇನ್ನೊಂದು ಕಾಟ, ಬಂಡೆ. ಜೋಗಿಮಟ್ಟಿ ಕಡೆ ಒಂದು ಕ್ಯಾಮೆರಾ ಇಟ್ಟರೆ ಕಂಡ ಬಂಡೆಯೆಲ್ಲ ಕರಡಿ. ಬಂಡೆಗೆ ಒಂದು ಒಳ್ಳೆ ಗುಣ ಇದೆ, ಅದು ನಾಳೆಯೂ ಅಲ್ಲೇ ಇರುತ್ತದೆ. ಹಗಲಿನ ಚಿತ್ರ ತೆಗೆದು ಅದೇ ಜಾಗ ನೋಡಿದರೆ ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ. ಅಂಥ ಬಂಡೆ ಇರುವ, ಪ್ರಾಣಿ ಇಲ್ಲದ ಚಿತ್ರಗಳನ್ನು ಖಾಲಿ ಲೇಬಲ್ ಫೈಲ್ ಜೊತೆ ಸೇರಿಸಿ. ಇದು ಬಂಡೆ ಅಂತ ಖಾತ್ರಿ ಇರುವಾಗ ‘ಏನೂ ಇಲ್ಲ’ ಅನ್ನುವುದು ಸರಿಯಾದ ಪಾಠವೇ.

ಕೊಂಡುಕುರಿ ಕಣ್ಣು (ದಾವಣಗೆರೆ) · ಮಂಗಳವಾರ, ಬೆಳಿಗ್ಗೆ 10:30

ಚರ್ಚೆ ತಡವಾಗಿ ನೋಡಿದೆ. ನಾನು ಕಾಡಿನ ಕ್ಯಾಮೆರಾ ಚಿತ್ರ ವಿಂಗಡಿಸುವ ಕೆಲಸಕ್ಕೆ ಸ್ವಯಂಸೇವಕಿಯಾಗಿ ಹೋಗುತ್ತಿದ್ದೆ. ಬದುವಿನ ಕ್ಯಾಮೆರಾ, ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗ ಇದೆಯಲ್ಲ, 2011ರಲ್ಲಿ ಕೊಂಡುಕುರಿಗೆ (ಜಿಂಕೆ ಥರದ ಕಾಡುಪ್ರಾಣಿ) ಅಂತಲೇ ಅಭಯಾರಣ್ಯ ಆದದ್ದು. ಹಾಗಾಗಿ ನಿಮ್ಮ ಐದು ಕ್ಲಾಸಿನಲ್ಲಿ ಅದು ಇಲ್ಲ ಅನ್ನುವುದು ನನಗೆ ಸ್ವಲ್ಪ ಬೇಜಾರು!

ತಮಾಷೆ ಬಿಡಿ, ಅದೇ ಒಳ್ಳೆ ಉದಾಹರಣೆ. ಕೊಂಡುಕುರಿ ಗಂಡಿಗೆ ನಾಲ್ಕು ಕೊಂಬು. ಹಿಂದಿನ ಎರಡು ಉದ್ದ, ಮುಂದಿನ ಎರಡು ಮೊಟಕು, ಹೆಬ್ಬೆರಳಿನಷ್ಟೂ ಇರುವುದಿಲ್ಲ ಕೆಲವಕ್ಕೆ. ಹೆಣ್ಣಿಗೆ ಕೊಂಬೇ ಇಲ್ಲ. ಈಗ ರಾತ್ರಿ ಚಿತ್ರದಲ್ಲಿ, ಹುಲ್ಲಿನ ಮಧ್ಯೆ, ಹಿಂಭಾಗ ಮಾತ್ರ ಕಾಣುವ ಒಂದು ಹೆಣ್ಣನ್ನು ನೋಡಿ ಏನು ಬರೆಯುತ್ತೀರಿ? ಅದು ಮೇಕೆಯೂ ಇರಬಹುದು. ನಾವು ಅದಕ್ಕೆ ‘ಪ್ರಾಣಿ’ ಅಂತ ಒಂದು ಮೇಲಿನ ಕ್ಲಾಸ್ ಇಟ್ಟಿದ್ದೆವು. ಕೋಟೆಯವರು ಹೇಳಿದ ಎರಡನೇ ಜಾತಿಗೆ, ಅಂದರೆ ಏನೋ ಇದೆ ಯಾವುದು ಅಂತ ಗೊತ್ತಿಲ್ಲ ಅನ್ನುವುದಕ್ಕೆ, ಇದೇ ಮದ್ದು. ಮೆಗಾಡಿಟೆಕ್ಟರ್ ಅಂತ ಕಾಡಿನ ಕ್ಯಾಮೆರಾಗಳಿಗಾಗಿಯೇ ಮಾಡಿದ ಮಾಡೆಲ್ ಇದೆ. ಅದು ಹೇಳುವುದು ಮೂರೇ: ಪ್ರಾಣಿ, ಮನುಷ್ಯ, ವಾಹನ. ಯಾವ ಪ್ರಾಣಿ ಅನ್ನುವ ಗೊಡವೆಗೇ ಹೋಗುವುದಿಲ್ಲ. ಸೈರನ್ ಕೂಗಿಸೋಕೆ ನಿಮಗೆ ಅಷ್ಟು ಸಾಕಲ್ವಾ?

ಬದುವಿನ ಕ್ಯಾಮೆರಾ (ಜಗಳೂರು) · ಮಂಗಳವಾರ, ಮಧ್ಯಾಹ್ನ 1:10

ಸಾಕಾಗಲ್ಲ ಅಕ್ಕ. ನಮ್ಮ ನಾಯಿಯೂ ಪ್ರಾಣಿ. ರಾತ್ರಿಯೆಲ್ಲಾ ಹೊಲ ಸುತ್ತುತ್ತದೆ. ಅದು ಹೋದಾಗಲೆಲ್ಲ ಸೈರನ್ ಕೂಗಿದರೆ ಮೊದಲು ಊರು ಬಿಟ್ಟು ಓಡುವುದು ಅಮ್ಮ. ಆದರೆ ಆರನೇ ಕ್ಲಾಸ್ ಆಗಿ ‘ಪ್ರಾಣಿ’ ಇಡುವ ಯೋಚನೆ ಚೆನ್ನಾಗಿದೆ. ಅದಕ್ಕೆ ಲೈಟು ಮಾತ್ರ, ಸೈರನ್ ಇಲ್ಲ.

ಕೊಂಡುಕುರಿ ಕಣ್ಣು (ದಾವಣಗೆರೆ) · ಮಂಗಳವಾರ, ಮಧ್ಯಾಹ್ನ 1:40

ಅದು ಸರಿ. ಆದರೆ ಎಚ್ಚರ, ಅನುಮಾನದ್ದನ್ನೆಲ್ಲ ‘ಪ್ರಾಣಿ’ ಬುಟ್ಟಿಗೆ ಹಾಕಿದರೆ ಆ ಬುಟ್ಟಿ ಹಂದಿಗಳನ್ನು ತಿನ್ನತೊಡಗುತ್ತದೆ. ಹಂದಿ ಅಂತ ಹೇಳಬೇಕಾದಲ್ಲೂ ಮಾಡೆಲ್ ‘ಪ್ರಾಣಿ’ ಅಂದು ಕೈ ತೊಳೆದುಕೊಳ್ಳುತ್ತದೆ. ಮನುಷ್ಯರೂ ಅಷ್ಟೇ. ಟಾಂಜಾನಿಯಾದ ಸೆರೆಂಗೆಟಿಯಲ್ಲಿ 2010ರಿಂದ 225 ಕ್ಯಾಮೆರಾ ಇಟ್ಟು, ಚಿತ್ರಗಳನ್ನು ನೆಟ್‌ನಲ್ಲಿ ಸಾಮಾನ್ಯ ಜನರಿಂದಲೇ ಗುರುತಿಸಿದರು. ಅಲ್ಲಿ ಬೇಕೆಂದೇ ‘ಗೊತ್ತಿಲ್ಲ’ ಅನ್ನುವ ಬಟನ್ ಇಟ್ಟಿರಲಿಲ್ಲ. ಇಟ್ಟರೆ ಸ್ವಲ್ಪ ಕಷ್ಟ ಆದ ಕೂಡಲೇ ಎಲ್ಲರೂ ಅದನ್ನೇ ಒತ್ತುತ್ತಾರೆ. ಬದಲು ಒಂದೇ ಚಿತ್ರವನ್ನು ಹತ್ತಾರು ಜನರಿಗೆ ತೋರಿಸಿದರು. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಅದು ಸುಲಭದ ಚಿತ್ರ. ಆರು ಜನ ಆರು ಹೆಸರು ಹೇಳಿದರೆ ಅದು ಕಷ್ಟದ ಚಿತ್ರ. ಅನುಮಾನವನ್ನು ಒಬ್ಬರ ಬಾಯಿಂದ ಕೇಳಲಿಲ್ಲ, ಎಲ್ಲರ ಜಗಳದಿಂದ ತೆಗೆದರು.

ನೀವೂ ಅದನ್ನೇ ಸಣ್ಣದಾಗಿ ಮಾಡಬಹುದು. ನೂರು ಕಷ್ಟದ ಚಿತ್ರ ತೆಗೆದುಕೊಂಡು ನೀವು, ತಂಗಿ, ಅಪ್ಪ ಬೇರೆ ಬೇರೆ ಕೂತು ಉತ್ತರ ಬರೆಯಿರಿ. ಒಬ್ಬರದ್ದು ಒಬ್ಬರು ನೋಡಬಾರದು. ಆಮೇಲೆ ಹೋಲಿಸಿ.

ಮಂಡಕ್ಕಿ ಮಿರ್ಚಿ (ದಾವಣಗೆರೆ) · ಮಂಗಳವಾರ, ಸಂಜೆ 5:20

ಅಪ್ಪನನ್ನು ಸೇರಿಸುವುದೇ ನನಗೆ ಸರಿ ಕಾಣುತ್ತಿಲ್ಲ. ಕ್ಷಮಿಸಿ, ದೊಡ್ಡವರ ಬಗ್ಗೆ ಅಗೌರವ ಅಲ್ಲ. ಅವರು ದಂಟು ನೋಡಿ ಹಂದಿ ಅನ್ನುತ್ತಾರೆ. ಅದು ಮೂವತ್ತು ವರ್ಷ ಹೊಲ ನೋಡಿದ ಬುದ್ಧಿ, ಚಿತ್ರದಲ್ಲಿರುವ ಹಂದಿ ಅಲ್ಲ. ಮಾಡೆಲ್‌ಗೆ ಸಿಗುವುದು ಒಂದು ಚಿತ್ರ. ಅದರಲ್ಲಿ ಇಲ್ಲದ್ದನ್ನು ಕಲಿ ಅಂದರೆ ಅದು ಬೂದು ಉಂಡೆ ಕಂಡಲ್ಲೆಲ್ಲ ಹಂದಿ ಅನ್ನುತ್ತದೆ.

ಚಳ್ಳಕೆರೆ ಕಂಬಳಿ (ಚಳ್ಳಕೆರೆ) · ಮಂಗಳವಾರ, ಸಂಜೆ 6:00

ದಂಟು ಚಿತ್ರದಲ್ಲೇ ಇದೆಯಲ್ಲಪ್ಪ. ಅವರು ಕನಸು ಕಂಡು ಹೇಳಿದ್ದಲ್ಲ. ನೋಡೋ ಕಣ್ಣು ಬೇರೆ ಅಷ್ಟೇ.

ಕಲ್ಲಿನ ಕೋಟೆ (ಚಿತ್ರದುರ್ಗ) · ಮಂಗಳವಾರ, ರಾತ್ರಿ 9:30

ಇಬ್ಬರದೂ ಸರಿ ಇರುವುದರಿಂದ ಕಷ್ಟ. ನಾನು ಹೀಗೆ ನೋಡುತ್ತೇನೆ. ‘ಅದು ಹಂದಿ’ ಅಂತ ನಮಗೆ ಗೊತ್ತಾದದ್ದು ಎಲ್ಲಿಂದ? ಅದೇ ಚಿತ್ರದಿಂದ ಗೊತ್ತಾಗಿದ್ದರೆ ಬಾಕ್ಸ್ ಹಾಕಿ. ಹಿಂದಿನ ಮುಂದಿನ ಫ್ರೇಮ್ ನೋಡಿ ಗೊತ್ತಾಗಿದ್ದರೆ, ಆ ಎರಡನ್ನೂ ಮುಚ್ಚಿ ಈ ಚಿತ್ರವನ್ನೇ ಮತ್ತೆ ನೋಡಿ. ಒಂದು ಕಿವಿ, ಬೆನ್ನಿನ ಗೆರೆ, ಮೂತಿಯ ತುದಿ ಏನಾದರೂ ಕೈಗೆ ಸಿಕ್ಕಿದರೆ ಹಾಕಿ. ಏನೂ ಸಿಗದಿದ್ದರೆ, ಹಂದಿ ಅಂತ ನೂರಕ್ಕೆ ನೂರು ಗೊತ್ತಿದ್ದರೂ ಬೂದು ಬಳಿಯಿರಿ. ಅಲ್ಲಿ ಹಂದಿ ಇತ್ತು, ಆದರೆ ಚಿತ್ರದಲ್ಲಿ ಇಲ್ಲ.

ಇನ್ನೊಂದು ಮುಖ್ಯ ಮಾತು. ನೀವು ನೋಡುವುದು ದೊಡ್ಡ ಚಿತ್ರ, ಝೂಮ್ ಮಾಡಿ ನೋಡುತ್ತೀರಿ. ಮಾಡೆಲ್ ಹಾಗೆ ನೋಡುವುದಿಲ್ಲ. ಕ್ಯಾಮೆರಾದ ಚಿತ್ರ 1920 ಪಿಕ್ಸೆಲ್ ಅಗಲ ಇದ್ದು, ಮಾಡೆಲ್ 640ಕ್ಕೆ ಇಳಿಸಿಕೊಂಡರೆ ಎಲ್ಲವೂ ಮೂರನೇ ಒಂದು ಭಾಗ. ದೂರದ ಬದುವಿನಲ್ಲಿ 45 ಪಿಕ್ಸೆಲ್ ಅಗಲ ಕಂಡ ಹಂದಿ ಅದಕ್ಕೆ 15 ಪಿಕ್ಸೆಲ್. ಹೆಸರುಕಾಳು. ಮಾಡೆಲ್‌ಗಳನ್ನು ಅಳೆಯೋಕೆ ಬಳಸುವ ಕೊಕೊ ಡೇಟಾಸೆಟ್‌ನಲ್ಲಿ 32ಕ್ಕೆ 32 ಪಿಕ್ಸೆಲ್‌ಗಿಂತ ಚಿಕ್ಕದನ್ನೇ ‘ಸಣ್ಣದು’ ಅನ್ನುತ್ತಾರೆ, ಅಂಥವುಗಳಲ್ಲೇ ಎಲ್ಲಾ ಮಾಡೆಲ್‌ಗಳೂ ಜಾಸ್ತಿ ಎಡವುವುದು. ಹಾಗಾಗಿ ಅನುಮಾನ ಬಂದಾಗ ಚಿತ್ರವನ್ನು 640ಕ್ಕೆ ಇಳಿಸಿ, ಒಂದು ಮಾರು ಹಿಂದೆ ಸರಿದು ನೋಡಿ. ಆಗಲೂ ಹಂದಿ ಅನ್ನಿಸಿದರೆ ಹಂದಿ.

ದೋಸೆ ಕಾವಲಿ (ದಾವಣಗೆರೆ) · ಮಂಗಳವಾರ, ರಾತ್ರಿ 10:10

ಕೊಕೊ ಹೆಸರು ಬಂತಲ್ಲ, ಅದರ ಮೇಲೆ ನನಗೊಂದು ಸಿಟ್ಟಿದೆ. ಅದರ 80 ಕ್ಲಾಸಿನಲ್ಲಿ ಜಿರಾಫೆ ಇದೆ, ಜೀಬ್ರಾ ಇದೆ. ಎಮ್ಮೆ ಇಲ್ಲ, ಮೇಕೆ ಇಲ್ಲ, ಹಂದಿ ಇಲ್ಲ, ಆಟೋ ಇಲ್ಲ. ನಮ್ಮ ಅಂಗಡಿ ಮುಂದೆ ದಿನಾ ಬರುವ ಎಮ್ಮೆಯನ್ನು ಅದರಿಂದ ಕಲಿತ ಮಾಡೆಲ್ ಒಮ್ಮೆ ಹಸು ಅನ್ನುತ್ತದೆ, ಒಮ್ಮೆ ಕರಡಿ ಅನ್ನುತ್ತದೆ. ಒಂದು ದಿನ ಆನೆ ಅಂದಿತು. ಹಾಲು ಹಾಕುವವರಿಗೆ ತೋರಿಸಿದರೆ ಅವರಿಗೆ ಬೇಜಾರಾಯಿತು.

ಕಲ್ಲಿನ ಕೋಟೆ (ಚಿತ್ರದುರ್ಗ) · ಮಂಗಳವಾರ, ರಾತ್ರಿ 10:30

ಅದಕ್ಕೆ ನಮ್ಮ ದೇಶದ್ದೇ ಒಂದಿದೆ ಅಣ್ಣ. ಹೈದರಾಬಾದಿನ ಐಐಐಟಿಯವರು ಹೈದರಾಬಾದ್, ಬೆಂಗಳೂರು ರಸ್ತೆಗಳಲ್ಲಿ ಓಡಾಡಿ 10,000 ಚಿತ್ರಗಳ ಡೇಟಾಸೆಟ್ ಮಾಡಿದರು. ಅದರಲ್ಲಿ ಆಟೋಗೆ ಸ್ವಂತ ಕ್ಲಾಸ್ ಇದೆ. ಚರ್ಚೆಗೆ ಬೇಕಾದ ವಿಷಯ ಅಂದರೆ, ಯಾವ ಹೆಸರಿಗೂ ಹೊಂದದ ವಾಹನಗಳಿಗೆ ‘ಫಾಲ್‌ಬ್ಯಾಕ್’ ಅಂತ ಒಂದು ಕ್ಲಾಸ್ ಇಟ್ಟಿದ್ದಾರೆ. ನಮ್ಮ ರಸ್ತೆಯಲ್ಲಿ ಏನು ಬರುತ್ತದೋ ಹೇಳೋಕಾಗಲ್ಲ ಅಂತ ಗೊತ್ತಿದ್ದವರೇ ಮಾಡಿದ್ದು.

ಚಳ್ಳಕೆರೆ ಕಂಬಳಿ (ಚಳ್ಳಕೆರೆ) · ಬುಧವಾರ, ಬೆಳಿಗ್ಗೆ 7:45

ಕುರಿ ಮಂದೆಗೆ ಏನು ಮಾಡುತ್ತೀರಿ? ರಾತ್ರಿ ಇನ್ನೂರು ಕುರಿ ಒತ್ತಿಕೊಂಡು ಮಲಗಿದರೆ ಎಣಿಸೋಕೇ ಆಗಲ್ಲ.

ಕೊಂಡುಕುರಿ ಕಣ್ಣು (ದಾವಣಗೆರೆ) · ಬುಧವಾರ, ಬೆಳಿಗ್ಗೆ 9:10

ಒಂದೊಂದೇ ಬಾಕ್ಸ್ ಹಾಕೋಕೆ ಹೋಗಬೇಡಿ, ಹುಚ್ಚು ಹಿಡಿಯುತ್ತದೆ. ಓಪನ್ ಇಮೇಜಸ್ ಅನ್ನುವ ಡೇಟಾಸೆಟ್‌ನಲ್ಲಿ ಐದಕ್ಕಿಂತ ಜಾಸ್ತಿ ಒಂದಕ್ಕೊಂದು ಮೆತ್ತಿಕೊಂಡಿದ್ದರೆ ಒಟ್ಟಿಗೆ ಒಂದೇ ಬಾಕ್ಸ್ ಹಾಕಿ ‘ಗುಂಪು’ ಅಂತ ಗುರುತು ಮಾಡುತ್ತಾರೆ. ಯೋಲೊದಲ್ಲಿ ಆ ಗುರುತು ಉಳಿಯುವುದಿಲ್ಲ. ಅಂಚಿನಲ್ಲಿ ಬಿಡಿಯಾಗಿ ಕಾಣುವ ಕುರಿಗಳಿಗೆ ಬಾಕ್ಸ್, ನಡುವಿನ ರಾಶಿಗೆ ಬೂದು. ಪಕ್ಕದಲ್ಲಿ ಕಂಬಳಿ ಚಿಕ್ಕಪ್ಪ ಇದ್ದರೆ ಅವರಿಗೆ ಮರೆಯದೆ ಬಾಕ್ಸ್.

ಬದುವಿನ ಕ್ಯಾಮೆರಾ (ಜಗಳೂರು) · ಮೂರು ವಾರದ ನಂತರ, ಭಾನುವಾರ, ರಾತ್ರಿ 8:30

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ನಡೆದದ್ದು ಹೇಳುತ್ತೇನೆ.

ಮೊದಲು ಆ ‘ಕಂಟಿನ್ಯೂ’ ಸಾಲು ತೆಗೆದೆ. ಆಮೇಲೆ ಟಿಕ್ ಮಾಡಿದ್ದ ಚಿತ್ರಗಳನ್ನೆಲ್ಲ ಮತ್ತೆ ತೆರೆದೆವು. ಅಕ್ಕ ಹೇಳಿದ ಹಾಗೆ ನೂರು ಚಿತ್ರಕ್ಕೆ ಮೂವರೂ ಬೇರೆ ಬೇರೆ ಉತ್ತರ ಬರೆದೆವು. ಅಪ್ಪ ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ಬರೆದರು. ನನಗೂ ತಂಗಿಗೂ ಜಗಳ ಹತ್ತಿದ್ದು ಹೆಚ್ಚಾಗಿ ಹಂದಿಯೋ ಕಲ್ಲೋ ಅನ್ನುವಲ್ಲಿ ಅಲ್ಲ, ಬಾಕ್ಸ್ ಎಲ್ಲಿಗೆ ನಿಲ್ಲಬೇಕು ಅನ್ನುವಲ್ಲಿ. ಅವಳು ಬಾಲ ಸೇರಿಸುತ್ತಿದ್ದಳು, ನಾನು ಬಿಡುತ್ತಿದ್ದೆ. ಇದು ಗೊತ್ತೇ ಇರಲಿಲ್ಲ. ಈಗ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ, ಬಾಲ ಬೇಡ ಅಂತ ಬರೆದಿದೆ.

ಹಗಲಿನ ಚಿತ್ರದ ಜೊತೆ ಹೋಲಿಸಿದ್ದು ಬಹಳ ಉಪಯೋಗಕ್ಕೆ ಬಂತು. ‘ಕರಡಿ ಇರಬಹುದು’ ಅಂದುಕೊಂಡಿದ್ದ ಎಷ್ಟೋ ಚಿತ್ರಗಳಲ್ಲಿ ಇದ್ದದ್ದು ನಮ್ಮದೇ ಬೋರ್‌ವೆಲ್ ಪಕ್ಕದ ಬಂಡೆ. ಅಪ್ಪನಿಗೆ ಕಂಬಳಿ ಹೊದಿಸಿ ಕೂರಿಸಿದ್ದೂ ಆಯಿತು. ಹತ್ತು ನಿಮಿಷಕ್ಕೇ ನಿದ್ದೆ ಹೋದರು, ‘ಮಲಗಿದ ಮನುಷ್ಯ’ ಭಂಗಿಯೂ ಸಿಕ್ಕಿತು.

ಹೊಸ ಮಾಡೆಲ್ ರಾತ್ರಿ ಹಂದಿಯನ್ನು ಮೊದಲಿಗಿಂತ ಬೇಗ ಹಿಡಿಯುತ್ತಿದೆ. ದಂಟಿನ ಹಿಂದೆ ಅರ್ಧ ಕಂಡರೂ ಹಿಡಿಯುತ್ತಿದೆ. ಪರೀಕ್ಷೆಗೆ ಅಂತ ಒಂದು ಪೂರ್ತಿ ವಾರದ ಚಿತ್ರಗಳನ್ನು ಟ್ರೇನಿಂಗಿಗೆ ಮುಟ್ಟಿಸದೆ ತೆಗೆದಿಟ್ಟಿದ್ದೆ. ಮೊದಲು ಒಂದೇ ರಾತ್ರಿಯ ಚಿತ್ರಗಳನ್ನು ಎರಡೂ ಕಡೆ ಹಂಚಿ ಸುಮ್ನೆ ಖುಷಿಪಡುತ್ತಿದ್ದೆ.

1147ಕ್ಕೆ ಬೂದು ಬಳಿದೆವು. 640ಕ್ಕೆ ಇಳಿಸಿ ನೋಡಿದಾಗ ತಂಗಿಗೂ ನನಗೂ ಏನೂ ಸಿಗಲಿಲ್ಲ. ಅಪ್ಪನಿಗೆ ಮಾತ್ರ ಅಸಮಾಧಾನ. ‘ಹಂದೀನ ಬೂದಿ ಮೆತ್ತಿ ಮುಚ್ಚಿಟ್ರೆ ಜೋಳ ತಿನ್ನೋದು ಬಿಡುತ್ತಾ’ ಅಂತ ಕೇಳಿದರು.

ದೋಸೆ ಕಾವಲಿ (ದಾವಣಗೆರೆ) · ಭಾನುವಾರ, ರಾತ್ರಿ 9:00

ಅಪ್ಪನಿಗೆ ಒಂದು ಬೆಣ್ಣೆ ದೋಸೆ ನನ್ನ ಲೆಕ್ಕದಲ್ಲಿ. ಫಾಲ್ಸ್ ಅಲಾರಂ ಹೇಗಿದೆ?

ಬದುವಿನ ಕ್ಯಾಮೆರಾ (ಜಗಳೂರು) · ಭಾನುವಾರ, ರಾತ್ರಿ 9:20

ಬಂಡೆ, ಚೀಲ ಎಲ್ಲಾ ನಿಂತಿದೆ. ಉಳಿದಿರುವುದು ಅಮ್ಮನ ಸೀರೆ. ಗಾಳಿ ಎದ್ದರೆ ಸೆರಗು ಮೇಲೆ ಹಾರಿ, ‘ಮನುಷ್ಯ’ ಅಂತ ಬರುತ್ತದೆ. ಮೊನ್ನೆ ರಾತ್ರಿ ಮೂರು ಗಂಟೆಗೆ ಟಾರ್ಚ್ ಹಿಡಿದು ಹೋಗಿ ನೋಡಿದರೆ ನೀಲಿ ಹೂವಿನ ವಾಯಿಲ್ ಸೀರೆ. ಸೀರೆ ಕಟ್ಟಿದ ಹೊಲದ ರಾತ್ರಿ ಚಿತ್ರಗಳು ಯಾರ ಹತ್ತಿರ ಇದ್ದರೂ ಕಳಿಸಿ. ಮನುಷ್ಯರು ಇಲ್ಲದವು ಬೇಕು, ಗಾಳಿ ಇರುವ ದಿನದವು.

ಚಳ್ಳಕೆರೆ ಕಂಬಳಿ (ಚಳ್ಳಕೆರೆ) · ಭಾನುವಾರ, ರಾತ್ರಿ 9:45

ನಮ್ಮ ಅತ್ತಿಗೆ ಮನೆ ಶೇಂಗಾ ಹೊಲದ ಸುತ್ತ ಹದಿನೆಂಟು ಸೀರೆ ಕಟ್ಟಿದ್ದಾರೆ. ಬುಧವಾರ ಹೋಗುತ್ತೇನೆ, ತೆಗೆದು ಕಳಿಸುತ್ತೇನೆ.